ಮಗ್ಗದ ಮಾತು

ಲಾರಿ ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಹಾರ್ನ್ ಒತ್ತಿ ಹಿಡಿದುಬಿಟ್ಟಿದ್ದ, ಕ್ಲೀನರ್ ಲಾರಿಯ ಮೈಗೆ ಅಂಗೈಯಿಂದ ಬಡಿಯುತ್ತ ಗಂಟಲು ಹರಿದುಕೊಳ್ಳುತ್ತಿದ್ದ, ಬೀದಿಯ ಎರಡೂ ಬದಿಯ ಅಂಗಡಿಯವರು ಕಿವಿ ಮುಚ್ಚಿಕೊಂಡು ಬೈಯುತ್ತಿದ್ದರು. ದೊಡ್ಡಮ್ಮ ಮಾತ್ರ ಲಾರಿಗೆ ಬೆನ್ನು ಹಾಕಿ, ಬೀದಿಯ ನಟ್ಟನಡುವೆ ನಿಂತು, ತರಕಾರಿ ಚೀಲದ ಹಿಡಿಕೆ ಗಂಟು ಹಾಕುತ್ತಿದ್ದಳು. ಮೂಲೆಯಲ್ಲಿ ಚಪ್ಪಲಿ ಹೊಲಿಯುವವನು ಉಳಿ ಬಿಸಾಕಿ ಹಾರಿ ಬಂದು ಅವಳ ತೋಳು ಹಿಡಿದು ಎಳೆಯದೇ ಇದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಚೀಲ ಚಕ್ರದಡಿ ಹೋಯಿತು. ದೊಡ್ಡಮ್ಮ ಎದ್ದವಳೇ ಮೈಮೇಲಿನ ಧೂಳು ಕೊಡವಿಕೊಂಡು ನೆಟ್ಟಗೆ ಡ್ರೈವರನ ಮುಂದೆ ಹೋಗಿ ನಿಂತಳು.

“ಹಾರ್ನ್ ಹಾಕೋಕೆ ಏನಯ್ಯಾ ರೋಗ ನಿಂಗೆ?”

ಡ್ರೈವರ್ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. ಅವನ ಕೈ ಇನ್ನೂ ಹಾರ್ನಿನ ಮೇಲೇ ಇತ್ತು.

ಸಂಜೆ ಗುಬ್ಬಿ ಕೆಲಸ ಮುಗಿಸಿ ಬರುವಾಗ ಚಪ್ಪಲಿ ಹೊಲಿಯುವವನು ಇಷ್ಟನ್ನೂ ಹೇಳಿದ. ನಗುತ್ತ ಶುರು ಮಾಡಿದವನು ಕೊನೆಗೆ ನಗುವುದನ್ನು ಬಿಟ್ಟು, “ಇವತ್ತು ನಾನಿದ್ದೆ ಕಣಮ್ಮಾ. ದಿನಾ ಇರ್ತೀನಾ?” ಎಂದ. 

ಗುಬ್ಬಿ ಅಂದರೆ ದೊಡ್ಡಮ್ಮನ ತಂಗಿಯ ಮಗಳು. ವಯಸ್ಸು ಮೂವತ್ತಮೂರು, ಕಿವಿಯ ಹತ್ತಿರ ನಾಲ್ಕು ಬಿಳಿಗೂದಲು, ಆದರೂ ಹೆಸರು ಗುಬ್ಬಿ. ತಾಯಿ ಹೋದಾಗ ಅವಳಿಗೆ ಹತ್ತು ವರ್ಷ. ಕಡ್ಡಿಯಂಥ ಮೈ, ತೆಳ್ಳನೆಯ ದನಿ, ಒಂದು ಗಳಿಗೆ ಸುಮ್ಮನಿರದ ಬಾಯಿ. ದೊಡ್ಡಮ್ಮ ಅವಳ ಬಟ್ಟೆ ಗಂಟನ್ನು ಒಂದು ಕೈಯಲ್ಲಿ, ಅವಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಂದಳು. ಬರುವ ದಾರಿಯಲ್ಲೇ ಆ ಹೆಸರು ಬಿತ್ತು, ಅಂಟಿಕೊಂಡಿತು.

ದೊಡ್ಡಮ್ಮ ಮೂವತ್ತೆರಡು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸಿದವಳು. ನಾನೂರು ಮಗ್ಗ ಒಂದೇ ಸೂರಿನಡಿ ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಗಂತ ಅಷ್ಟು ಜನ ಹೆಂಗಸರು ಎಂಟು ಗಂಟೆ ಮಾತಾಡದೆ ಇರುವುದುಂಟೇ? ಅವರು ದನಿಯನ್ನೇ ಬಿಟ್ಟುಬಿಟ್ಟರು. ಬಾಯಿಯನ್ನು ಅಗಲವಾಗಿ, ನಿಧಾನವಾಗಿ ಆಡಿಸುವುದು, ಎದುರಿನವಳು ತುಟಿ ನೋಡಿ ತಿಳಿದುಕೊಳ್ಳುವುದು. ಇಪ್ಪತ್ತು ಮಗ್ಗದಾಚೆ ನಿಂತವಳ ಜೊತೆಗೂ ಹೀಗೆ ಮನೆಮನೆಯ ಸುದ್ದಿ ಮಾತಾಡಬಹುದಿತ್ತು, ಮೇಸ್ತ್ರಿಯ ಬೆನ್ನ ಹಿಂದೆಯೇ ಮೇಸ್ತ್ರಿಯನ್ನು ಆಡಿಕೊಳ್ಳಬಹುದಿತ್ತು. ಅದಕ್ಕೆ ಮಗ್ಗದ ಮಾತು ಅಂತಲೇ ಹೆಸರು. ಗುಬ್ಬಿಗೆ ಅದನ್ನು ದೊಡ್ಡಮ್ಮ ಆಟವಾಗಿ ಕಲಿಸಿದಳು. ನೆರೆಮನೆಯವರ ಎದುರೇ ನೆರೆಮನೆಯವರ ಚಾಡಿ ಹೇಳಿಕೊಳ್ಳುವುದರಲ್ಲಿ ಇಬ್ಬರೂ ಪಳಗಿದರು.

ಈಗ ಗುಬ್ಬಿ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಯಾವ ಬಸ್ಸು ಎಷ್ಟನೇ ಅಂಕಣಕ್ಕೆ ಬರುತ್ತದೆ, ಯಾವುದು ಎಷ್ಟು ತಡ, ಯಾರ ಮಗು ಯಾವ ಬೆಂಚಿನ ಬಳಿ ಅಳುತ್ತಿದೆ ಎಂದು ದಿನಕ್ಕೆ ಎಂಟು ಗಂಟೆ ಮೈಕಿನ ಮುಂದೆ ಕೂಗುತ್ತಾಳೆ. ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು. ಮನೆಗೆ ಬರುವಷ್ಟರಲ್ಲಿ ಗಂಟಲು ಕೆಂಡ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಂಟಲಿಗೆ ಬಿಡುವು ಸಿಗಲಿ ಎಂದು ಮನೆಯಲ್ಲಿ ಮಗ್ಗದ ಮಾತೇ ಆಡತೊಡಗಿದಳು. ದೊಡ್ಡಮ್ಮ ಎಂದಿನಂತೆ ಉತ್ತರ ಕೊಡುತ್ತ ಹೋದಳು. ವಾರ ಕಳೆದ ಮೇಲೆ ಒಂದು ದಿನ ದೊಡ್ಡಮ್ಮ ಒಲೆಯ ಕಡೆ ತಿರುಗಿ ನಿಂತಿದ್ದಾಗ ಗುಬ್ಬಿ ದನಿಯೆತ್ತಿ ಕರೆದಳು. ಮೂರು ಸಲ ಕರೆದಳು. ದೊಡ್ಡಮ್ಮ ತಿರುಗಲಿಲ್ಲ. ಗುಬ್ಬಿಗೆ ಆವತ್ತೇ ತಿಳಿಯಿತು. ತಿಳಿದರೂ ಬಾಯಿ ಬಿಡಲಿಲ್ಲ. ಅವಳ ಮುಖದ ಎದುರಿಗೇ ಬಂದು ಮಾತಾಡುವುದು, ಹೊರಗಿನವರು ಬಂದರೆ ತಾನೇ ನಡುವೆ ಕೂತು ಅವರ ಮಾತನ್ನು ತುಟಿಯಲ್ಲಿ ದಾಟಿಸುವುದು, ಹೀಗೆ ಏಳು ವರ್ಷ ನಡೆಯಿತು. ದೊಡ್ಡಮ್ಮನಿಗೆ ಕಿವಿ ಕೇಳುತ್ತದೆ ಎಂಬ ಸುಳ್ಳಿಗೆ ಊರುಗೋಲಾಗಿ ನಿಂತವಳು ತಾನೇ ಎಂಬುದು ಲಾರಿಯ ಸುದ್ದಿ ಕೇಳಿದ ಸಂಜೆ ಅವಳನ್ನು ಚುಚ್ಚಿತು.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ವಿಷಯ ತೆಗೆದಳು. ಗಿರಣಿಯ ಸದ್ದಿನಲ್ಲಿ ಕಿವಿ ಕಳೆದುಕೊಂಡವರಿಗೆ ಕಾರ್ಮಿಕ ಮಂಡಳಿ ತಿಂಗಳ ಭತ್ಯೆ ಕೊಡುತ್ತದೆ, ಕಿವಿಗೆ ಯಂತ್ರ ಕೊಡುತ್ತದೆ, ಮನೆಗೆ ಬಂದು ದೀಪ ಹಾಕಿಕೊಟ್ಟು ಹೋಗುತ್ತಾರೆ. ಬಾಗಿಲು ಬಡಿದರೆ ಒಂದು ದೀಪ ಮಿನುಗುತ್ತದೆ, ಗ್ಯಾಸ್ ಸೋರಿದರೆ ಇನ್ನೊಂದು.

“ಕಿವಿ ಹೋದವರಿಗೆ ತಾನೆ? ಕೊಡ್ಲಿ ಪಾಪ,” ಎಂದಳು ದೊಡ್ಡಮ್ಮ.

“ದೊಡ್ಡಮ್ಮಾ, ಇವತ್ತು ಲಾರಿ ನಿನ್ನ ಮೈಮೇಲೆ ಬರ್ತಿತ್ತು.”

“ಅವನು ಹಾರ್ನ್ ಹಾಕ್ಲಿಲ್ಲ.”

“ಇಡೀ ಬೀದಿ ಕಿವಿ ಮುಚ್ಕೊಂಡಿತ್ತಂತೆ!”

“ಬೀದಿಗೇನು, ಮುಚ್ಕೊಳ್ಳೋದೇ ಕೆಲಸ. ಈಗಿನವರು ಮಾತಾಡೋದೂ ಹಾಗೇ, ಅರ್ಧ ನುಂಗಿ ಅರ್ಧ ಉಗೀತಾರೆ. ನಂಗೆ ಚೆನ್ನಾಗೇ ಕೇಳ್ಸುತ್ತೆ.”

ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗುಬ್ಬಿಯೂ ಅವಳ ಕೈಯಲ್ಲೇ ಬೆಳೆದವಳು, ಹಠ ಅಲ್ಲಿಂದಲೇ ಬಂದದ್ದು. ಅರ್ಜಿ ತಂದಳು, ಗಿರಣಿಯ ಹಳೆಯ ಗುರುತಿನ ಚೀಟಿ ಹುಡುಕಿದಳು, ಬೆಳಿಗ್ಗೆ ಒಂದು ಸಲ, ರಾತ್ರಿ ಊಟದ ಮುಂದೆ ಒಂದು ಸಲ ಅದನ್ನು ದೊಡ್ಡಮ್ಮನ ಮೂಗಿನ ಕೆಳಗೆ ಹಿಡಿದಳು. ಹನ್ನೊಂದನೆಯ ದಿನ ದೊಡ್ಡಮ್ಮ ಪೆನ್ನು ಕಿತ್ತುಕೊಂಡು ಸಹಿ ಹಾಕಿದಳು.

“ನಡಿ, ಆ ಪರೀಕ್ಷೆ ಅದೇನು ಮಾಡ್ತಾರೋ ಮಾಡ್ಲಿ. ಒಂದ್ಸಲ ತೋರಿಸಿ ನಿನ್ನ ಬಾಯಿ ಮುಚ್ಚಿಸ್ತೀನಿ.”

ಮುಚ್ಚಿಸಿಯೂ ಬಿಟ್ಟಳು. ಮಂಡಳಿಯ ಕಟ್ಟಡದಲ್ಲಿ ಗಾಜಿನ ಕಿಟಕಿಯ ಒಂದು ಪುಟ್ಟ ಪೆಟ್ಟಿಗೆಯಂಥ ಕೋಣೆ. ದೊಡ್ಡಮ್ಮನ ಕಿವಿಗೆ ದಪ್ಪನೆಯ ಹೆಡ್‌ಫೋನ್ ಸಿಕ್ಕಿಸಿ ಒಳಗೆ ಕೂರಿಸಿದರು. ಹೊರಗೆ ಯಂತ್ರದ ಮುಂದೆ ಒಬ್ಬ ಕನ್ನಡಕದವನು. ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕು, ಅಷ್ಟೆ. ಗುಬ್ಬಿ ಬೆಂಚಿನ ಮೇಲೆ ಕೂತು ನೋಡಿದಳು. ದೊಡ್ಡಮ್ಮ ಬೆರಳೆತ್ತಿದಳು. ಮತ್ತೆ ಎತ್ತಿದಳು. ಒಂದು ಸಲ ಎತ್ತದೆ ಬಿಟ್ಟು, ಆಮೇಲೆ ಮತ್ತೆ ಎತ್ತಿದಳು. ಕನ್ನಡಕದವನು ತಲೆ ಅಲ್ಲಾಡಿಸುತ್ತ ಹಾಳೆಯ ಮೇಲೆ ಚುಕ್ಕೆ ಇಡುತ್ತ ಹೋದ. ಗುಬ್ಬಿಗೆ ತಲೆ ಕೆಟ್ಟುಹೋಯಿತು. ಏಳು ವರ್ಷ ತಾನೇ ಹುಚ್ಚಿಯ ಹಾಗೆ ಬಾಯಿ ಆಡಿಸಿಕೊಂಡು ಬದುಕಿದೆನೇ ಎಂದು ತನ್ನ ಮೇಲೇ ಅನುಮಾನ ಬಂತು.

ಮೂರು ವಾರಕ್ಕೆ ಪತ್ರ ಬಂತು. ಶ್ರವಣ ಶಕ್ತಿಯಲ್ಲಿ ಅಲ್ಪ ದೋಷ, ಭತ್ಯೆಗೆ ಅರ್ಹರಲ್ಲ. ಒಪ್ಪಿಗೆಯಿಲ್ಲದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು, ಅಲ್ಲಿ ಆದ ತೀರ್ಮಾನವೇ ಕೊನೆ.

ಗುಬ್ಬಿ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಲಾಳಿಯಕ್ಕನ ಮನೆಗೆ ಹೋದಳು. ಲಾಳಿಯಕ್ಕ ದೊಡ್ಡಮ್ಮನ ಪಕ್ಕದ ಮಗ್ಗದವಳು. ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಸುದ್ದಿ ಒಯ್ಯುತ್ತಿದ್ದಳೆಂದು ಆ ಹೆಸರು. ಈಗ ಮಂಡಿ ನೋವು, ಮಂಚ ಬಿಟ್ಟು ಏಳುವುದಿಲ್ಲ. ಕಿವಿ ಪೂರ್ತಿ ಹೋಗಿದೆ, ಭತ್ಯೆ ಬರುತ್ತದೆ, ನಾಚಿಕೆ ಮೊದಲೂ ಇರಲಿಲ್ಲ. ಬೀದಿಯ ಆಚೆ ತುದಿಗೆ ಕೇಳುವ ಹಾಗೆ ಮಾತಾಡುತ್ತಾಳೆ. ಗುಬ್ಬಿ ಅವಳೆದುರು ಕೂತು ಮಗ್ಗದ ಮಾತಿನಲ್ಲಿ ಎಲ್ಲ ಹೇಳಿದಳು. ಲಾಳಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಭುಜ ನೋಡಿರ್ತಾಳೆ ಕಣೇ! ಗುಂಡಿ ತಿರುಗಿಸುವಾಗ ಅವನ ಭುಜ ಅಲ್ಲಾಡುತ್ತಲ್ಲ, ಅದನ್ನ ನೋಡಿ ಬೆರಳೆತ್ತೋದು. ನಮಗೆಲ್ಲ ಅದನ್ನ ಕಲಿಸಿದವಳೇ ನಿಮ್ಮ ದೊಡ್ಡಮ್ಮ. ಗಿರಣೀಲಿ ವರ್ಷಕ್ಕೊಂದು ಪರೀಕ್ಷೆ ಇತ್ತು. ನಡುನಡುವೆ ಒಂದೆರಡು ಸಲ ಬೇಕಂತಲೇ ತಪ್ಪಬೇಕು, ಇಲ್ದಿದ್ರೆ ಡಾಕ್ಟರಿಗೆ ಅನುಮಾನ ಬರುತ್ತೆ ಅಂತ ಅದನ್ನೂ ಹೇಳ್ಕೊಟ್ಟಿದ್ಲು.”

ಸಾವಿರ ಎಳೆಯಲ್ಲಿ ಒಂದು ಎಳೆ ತುಂಡಾದರೆ ಓಡುವ ಮಗ್ಗದಲ್ಲೇ ಕಂಡುಹಿಡಿಯುವ ಕಣ್ಣು ಅದು. ಭುಜ ಯಾವ ಲೆಕ್ಕ?

“ಯಾಕೆ ಹಾಗೆ ಮಾಡ್ತಿದ್ರಿ?” ಎಂದು ಗುಬ್ಬಿ ತುಟಿ ಆಡಿಸಿದಳು.

ಲಾಳಿಯಕ್ಕನ ನಗು ಇಳಿಯಿತು. “ಕಿವಿ ಕೇಳಲ್ಲ ಅಂತ ಬರೆದ್ರೆ ಮಗ್ಗದಿಂದ ತೆಗೆದು ಹಿಂದಿನ ಶೆಡ್ಡಿಗೆ ಹಾಕ್ತಿದ್ರು. ನೂಲಿನ ಕಸ ಗುಡಿಸೋಕೆ. ಅಲ್ಲಿ ಎಲ್ಲರಿಗೂ ಒಂದೇ ಹೆಸರು, ಕೆಪ್ಪಿ. ನಿನ್ನನ್ನ ಮನೆಗೆ ಕರ್ಕೊಂಡು ಬಂದ ವರ್ಷ ಅವಳು ಕೂತಲ್ಲಿ ನಿಂತಲ್ಲಿ ಅಂತಿದ್ದದ್ದು ಒಂದೇ ಮಾತು. ಆ ಶೆಡ್ಡಿಗೆ ಮಾತ್ರ ಹೋಗಬಾರ್ದು, ಮಗೂನ ಓದಿಸ್ಬೇಕು ಅಂತ.”

ಗುಬ್ಬಿಯ ಕಣ್ಣು ತುಂಬಿತು. ಆದರೆ ಅತ್ತುಕೊಂಡು ಕೂರುವ ಹೊತ್ತಾಗಿರಲಿಲ್ಲ. ಮೂವತ್ತು ದಿನದಲ್ಲಿ ನಾಲ್ಕು ಆಗಲೇ ಹೋಗಿತ್ತು. ಗಿರಣಿ ಮುಚ್ಚಿ ಒಂಬತ್ತು ವರ್ಷವಾಗಿತ್ತು, ಹಿಂದಿನ ಶೆಡ್ಡು ಬಿದ್ದುಹೋಗಿತ್ತು, ಈ ಹೆಂಗಸು ಮಾತ್ರ ಇನ್ನೂ ಆ ಪರೀಕ್ಷೆಯಲ್ಲಿ ಪಾಸಾಗುತ್ತಲೇ ಇದ್ದಳು. ಇವಳನ್ನು ಫೇಲು ಮಾಡಿಸದೆ ಬಿಡುವುದಿಲ್ಲ ಎಂದು ಗುಬ್ಬಿ ಮನಸ್ಸು ಗಟ್ಟಿ ಮಾಡಿಕೊಂಡಳು.

ಮೇಲ್ಮನವಿಗೆ ಸಹಿ ಹಾಕಿಸಲು ಮತ್ತೆ ಯುದ್ಧವಾದೀತು ಎಂದುಕೊಂಡಿದ್ದಳು. ಆಗಲಿಲ್ಲ. ದೊಡ್ಡಮ್ಮ ಪತ್ರವನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿ, ಮೂಗಿನ ಹೊಳ್ಳೆ ಅರಳಿಸಿದಳು.

“ಅಲ್ಪ ದೋಷ ಅಂದ್ರೇನು? ಯಾರಿಗೆ ದೋಷ? ಒಂದೇ ಒಂದು ಚುಕ್ಕಿ ತಪ್ಪಿದ್ದಕ್ಕೆ ದೋಷ ಅಂತ ಬರೆಯೋದಾ? ಹಾಕು ಮನವಿ. ನಾನೇ ಬಂದು ಕೇಳ್ತೀನಿ.”

ಹೀಗೆ ಇಬ್ಬರೂ ಒಂದೇ ಹಾಳೆಗೆ ಸಹಿ ಹಾಕಿದರು. ಒಬ್ಬಳು ಕಿವಿ ಕೇಳುವುದಿಲ್ಲ ಎಂದು ಸಾಧಿಸಲು, ಇನ್ನೊಬ್ಬಳು ಎಳ್ಳಷ್ಟೂ ದೋಷವಿಲ್ಲ ಎಂದು ಸಾಧಿಸಲು. ವಿಚಾರಣೆಯ ದಿನ ದೊಡ್ಡಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಮುಂದೆ ಮುಂದೆ ನಡೆದಳು. ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನಿಂದ ಟಿಕೆಟ್ ಕೇಳಿದರೂ ಅವಳು ತಿರುಗಲಿಲ್ಲ. ಗುಬ್ಬಿ ಅದನ್ನು ಎತ್ತಿ ಆಡಲಿಲ್ಲ.

ಮೊದಲನೆಯ ಮಹಡಿಯ ಕೋಣೆ. ಉದ್ದನೆಯ ಮೇಜಿನ ಆಚೆ ಮೂವರು. ನಡುವೆ ಮಂಡಳಿಯ ಅಧ್ಯಕ್ಷೆ, ಬಲಕ್ಕೆ ಕಿವಿಯ ಡಾಕ್ಟರು, ಎಡಕ್ಕೆ ಬರೆದುಕೊಳ್ಳುವ ಗುಮಾಸ್ತ. ಗುಬ್ಬಿ ಎದ್ದು ನಿಂತು ಹೇಳಿದಳು. ಲಾರಿಯ ಸಂಗತಿ, ಭುಜದ ಸಂಗತಿ, ಗಿರಣಿಯ ವರ್ಷವರ್ಷದ ಪರೀಕ್ಷೆ, ಯಾವುದನ್ನೂ ಬಿಡಲಿಲ್ಲ. ಮಾತಾಡುವಾಗ ಬೇಕೆಂದೇ ದೊಡ್ಡಮ್ಮನ ಕಡೆಗೆ ಮುಖ ತೋರಿಸಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಅವಳಿಗೆ ಬೆನ್ನು ಹಾಕಿ ಮಾತಾಡಿದ್ದು ಗುಬ್ಬಿಗೆ ಮೋಸ ಮಾಡಿದ ಹಾಗೆನಿಸಿತು. ಆದರೂ ಮುಗಿಸಿದಳು.

ಅಧ್ಯಕ್ಷೆ ಸಮಾಧಾನದ ಹೆಂಗಸು. ಎಲ್ಲ ಕೇಳಿಸಿಕೊಂಡು, “ನೋಡಿ, ಮರುಪರೀಕ್ಷೆಗೆ ನಾವು ಆದೇಶ ಕೊಡಬಹುದು. ಆದರೆ ಮೊದಲನೇ ಪರೀಕ್ಷೆ ಸರಿಯಿಲ್ಲ ಅಂತ ಅರ್ಜಿದಾರರೇ ಹೇಳಬೇಕು. ನಿಯಮ ಇರೋದೇ ಹಾಗೆ. ಅವರ ಪರವಾಗಿ ನೀವು ಹೇಳಿದರೆ ಸಾಲದು,” ಎಂದು ದೊಡ್ಡಮ್ಮನ ಕಡೆ ತಿರುಗಿದಳು. “ಏನಮ್ಮಾ, ನಿಮಗೆ ಕಿವಿ ಕೇಳಿಸುತ್ತಾ?”

“ಓಹೋ, ಚೆನ್ನಾಗಿ!” ಎಂದಳು ದೊಡ್ಡಮ್ಮ. “ಆ ಅಲ್ಪ ದೋಷ ಅನ್ನೋದನ್ನ ಹೊಡೆದುಹಾಕಿ.”

ಗುಮಾಸ್ತ ನಗು ತಡೆದುಕೊಂಡ. ಡಾಕ್ಟರು ಗಡಿಯಾರ ನೋಡಿದರು. ಅಧ್ಯಕ್ಷೆ ಪೆನ್ನು ಕೈಗೆತ್ತಿಕೊಂಡು ಕಡತದ ಕೊನೆಯ ಹಾಳೆ ತೆರೆದಳು. ಆ ಪೆನ್ನು ಹಾಳೆಗೆ ತಾಗಿದರೆ ಮುಗಿಯಿತು, ದೀಪವೂ ಇಲ್ಲ, ಯಂತ್ರವೂ ಇಲ್ಲ, ಹಗಲೆಲ್ಲ ಒಬ್ಬಳೇ ಇರುವ ದೊಡ್ಡಮ್ಮನನ್ನು ಎಳೆದುಕೊಳ್ಳಲು ಚಪ್ಪಲಿ ಹೊಲಿಯುವವನೊಬ್ಬನೇ ಗತಿ. ಗುಬ್ಬಿಗೆ ಸಿಟ್ಟು ನೆತ್ತಿಗೇರಿತು. ಗರ್ರನೆ ದೊಡ್ಡಮ್ಮನ ಕಡೆ ತಿರುಗಿ, ಮನೆಯಲ್ಲಿ ಜಗಳವಾಡುವ ಹಾಗೆಯೇ ಜಗಳಕ್ಕೆ ಬಿದ್ದಳು. ಲಾರಿ ಚಕ್ರ ಮರೆತುಹೋಯ್ತಾ ನಿಂಗೆ? ಚೀಲದ ಬದಲು ನೀನೇ ಹೋಗಿದ್ರೆ?

“ಲಾರಿ ಮಾತು ಇಲ್ಲೂ ತೆಗೀಬೇಡ,” ಎಂದು ದೊಡ್ಡಮ್ಮ ಗದರಿದಳು. “ಚೀಲ ಹೋಯ್ತು, ನಾನೇನು ಹೋಗ್ಲಿಲ್ವಲ್ಲ.”

ಗುಮಾಸ್ತ ತಲೆ ಎತ್ತಿದ. “ಯಾರು ಏನಂದ್ರು? ಯಾವ ಚೀಲ?”

ಅಧ್ಯಕ್ಷೆಯ ಪೆನ್ನು ನಿಂತಿತು. “ನೀವು ಈಗ ಏನಾದ್ರೂ ಹೇಳಿದ್ರಾ?” ಎಂದು ಗುಬ್ಬಿಯನ್ನು ಕೇಳಿದಳು. “ನಮಗೇನೂ ಕೇಳಿಸಲಿಲ್ಲ.”

ಗುಬ್ಬಿ ನಾಲಿಗೆ ಕಚ್ಚಿಕೊಂಡಳು. ಏಳು ವರ್ಷದ ಅಭ್ಯಾಸ. ಸಿಟ್ಟಿನ ಭರದಲ್ಲಿ ದನಿ ಮಾಡುವುದನ್ನೇ ಮರೆತಿದ್ದಳು. ಡಾಕ್ಟರು ಗಡಿಯಾರ ಬಿಟ್ಟು ಮುಂದಕ್ಕೆ ಬಾಗಿದರು, ಅವರಿಗೆ ಅರ್ಥವಾಗತೊಡಗಿತ್ತು. ದೊಡ್ಡಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ತುಂಡಾದ ಎಳೆ ಎಲ್ಲಿದೆ ಎಂದು ಹುಡುಕುವ ಕಣ್ಣು. ಕೊನೆಗೆ ಅದು ಗುಬ್ಬಿಯ ಮೇಲೆ ಬಂದು ನಿಂತಿತು.

ಈಗ ಗುಬ್ಬಿ ಬಾಯಿಬಿಟ್ಟು ಹೇಳಿಬಿಡಬಹುದಿತ್ತು. ನೋಡಿ ಸಾರ್, ನಾನು ದನಿಯೇ ಮಾಡಲಿಲ್ಲ, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳಬಹುದಿತ್ತು. ಆದರೆ ಮೂವರು ಅಪರಿಚಿತರ ಮುಂದೆ ದೊಡ್ಡಮ್ಮನನ್ನು ಕಳ್ಳಿಯ ಹಾಗೆ ಹಿಡಿದುಕೊಡಲು ಮನಸ್ಸು ಬರಲಿಲ್ಲ. ಅವಳು ಕುರ್ಚಿ ಎಳೆದು ದೊಡ್ಡಮ್ಮನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಈ ಸಲ ತಿಳಿದೇ, ದನಿಯಿಲ್ಲದೆ, ತುಟಿಯನ್ನು ಅಗಲವಾಗಿ ಆಡಿಸಿದಳು.

ಇದು ಮಗ್ಗದ ಮಾತು ದೊಡ್ಡಮ್ಮಾ. ಇವರಿಗೆ ಕೇಳಲ್ಲ. ನಮ್ಮಿಬ್ಬರಿಗೇ.

ದೊಡ್ಡಮ್ಮನ ಮುಖದಲ್ಲಿ ಏನೋ ಕಳಚಿತು. ಅವಳೂ ದನಿ ಬಿಟ್ಟಳು. ಮೇಜಿನಾಚೆಯ ಮೂವರು ಇಬ್ಬರು ಹೆಂಗಸರ ಬಾಯಿ ಸದ್ದಿಲ್ಲದೆ ಆಡುವುದನ್ನು ನೋಡುತ್ತ ಕೂತರು.

ಯಾವಾಗಿಂದ?

ಏಳು ವರ್ಷ. ಬಸ್ ನಿಲ್ದಾಣದ ಕೆಲಸಕ್ಕೆ ಸೇರಿದಾಗಿಂದ.

ದಿನಾ ಮಾತಾಡ್ತಿದ್ದೆಯಲ್ಲೇ.

ಬರೀ ಬಾಯಿ.

ಸುಳ್ಳು. ನಿನ್ನ ದನಿ ಕೇಳ್ತಿತ್ತು ನಂಗೆ. ತೆಳ್ಳಗೆ, ಗುಬ್ಬಿ ಥರ.

ಆ ದನಿ ಈಗಿಲ್ಲ ದೊಡ್ಡಮ್ಮಾ. ಅದು ನಾನು ನಿನ್ನ ಮನೆಗೆ ಬಂದಾಗಿನದು. ಹತ್ತು ವರ್ಷದ ಹುಡುಗೀದು.

ದೊಡ್ಡಮ್ಮ ಅವಳ ತುಟಿಯನ್ನೇ ನೋಡುತ್ತಿದ್ದಳು. ಗುಬ್ಬಿ ಬಿಡಲಿಲ್ಲ.

ಆ ಶೆಡ್ಡು ಬಿದ್ದುಹೋಯ್ತು. ನಿನ್ನನ್ನ ಅಲ್ಲಿಗೆ ಯಾರೂ ಹಾಕಲ್ಲ. ನನ್ನನ್ನ ಓದಿಸಿದ್ದಾಯ್ತು, ನಂಗೆ ಕೆಲಸ ಸಿಕ್ಕಿದ್ದಾಯ್ತು. ಇನ್ನು ಪಾಸಾಗಬೇಡ ದೊಡ್ಡಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ.

ಅಧ್ಯಕ್ಷೆ ಕೆಮ್ಮಿದಳು. ಅದು ಗುಬ್ಬಿಗೆ ಮಾತ್ರ ಕೇಳಿಸಿತು. ದೊಡ್ಡಮ್ಮ ಬಟ್ಟೆಯ ಅಂಚಿನಲ್ಲಿ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಗಿರಣಿಯ ಮೇಸ್ತ್ರಿಯ ಮುಂದೆ ಕೂತಂತೆ ಕೂತು, ಗುಮಾಸ್ತನಿಗೆ ಬೆರಳು ತೋರಿಸಿದಳು.

“ಬರ್ಕೊಳಪ್ಪ. ನಂಗೆ ಕಿವಿ ಕೇಳಲ್ಲ. ಆ ಕನ್ನಡಕದವನ ಭುಜ ನೋಡಿ ಬೆರಳೆತ್ತಿದ್ದು. ಅವನದೇನೂ ತಪ್ಪಿಲ್ಲ, ಅವನಿಗಿಂತ ದೊಡ್ಡ ದೊಡ್ಡ ಡಾಕ್ಟರುಗಳೇ ನನ್ನ ಕೈಲಿ ಮೋಸ ಹೋಗಿದಾರೆ. ಎಲ್ಲ ಬರ್ಕೊಂಡ್ಯಾ? ಇನ್ನೊಂದು ಸಲ ಪರೀಕ್ಷೆ ಮಾಡಿ. ಈ ಸಲ ಕಣ್ಣು ಮುಚ್ಕೊಂಡು ಕೂರ್ತೀನಿ.”

ಅವಳ ದನಿ ಕೋಣೆ ತುಂಬಿ ಹೊರಗಿನ ಪಡಸಾಲೆಗೂ ಹೋಯಿತು. ಅಧ್ಯಕ್ಷೆ ಹಾಳೆ ಮಗುಚಿ ಮರುಪರೀಕ್ಷೆಯ ಆದೇಶ ಬರೆದಳು. ಕನ್ನಡಕದವನು ಊಟಕ್ಕೆ ಹೋಗಿದ್ದಾನೆ, ಬಂದ ಕೂಡಲೇ ಇವತ್ತೇ ಆಗಿಬಿಡಲಿ ಎಂದು ಡಾಕ್ಟರು ತಾವೇ ಹೇಳಿದರು.

ಕೆಳಗಿನ ಮಹಡಿಯ ಬೆಂಚಿನ ಮೇಲೆ ಇಬ್ಬರೂ ಕಾಯುತ್ತ ಕೂತರು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡಮ್ಮ ಕೈ ಚಾಚಿ ಗುಬ್ಬಿಯ ಗಂಟಲ ಮೇಲೆ ಅಂಗೈ ಇಟ್ಟಳು. ನೂಲು ಎಳೆದೆಳೆದು ದಡ್ಡುಗಟ್ಟಿದ ಅಂಗೈ.

“ಮಾತಾಡು. ದನಿ ಮಾಡಿ ಮಾತಾಡು. ಈಗ ಹೇಗಿದೆ ನೋಡೋಣ.”

ಗುಬ್ಬಿಯ ಬಾಯಿಗೆ ಬಂದದ್ದು ದಿನಾ ಬರುವ ಮಾತೇ. “ಪ್ರಯಾಣಿಕರ ಗಮನಕ್ಕೆ,” ಎಂದು ಮೈಕಿನ ಮುಂದಿನ ಪೂರ್ತಿ ದನಿಯಲ್ಲಿ ಕೂಗಿದಳು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ ಚೀಲ ಹಿಡಿದುಕೊಂಡು ಎದ್ದೇ ನಿಂತ. “ನಾಲ್ಕನೇ ಅಂಕಣದಿಂದ ಹೊರಡಬೇಕಾದ ಬಸ್ಸು ತಡವಾಗಿ ಬರಲಿದೆ. ದಯವಿಟ್ಟು ಸಹಕರಿಸಬೇಕಾಗಿ ವಿನಂತಿ.”

ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು, ಅಂಗೈಯಿಂದಲೇ ಅಷ್ಟನ್ನೂ ಕೇಳಿದಳು.

“ದಪ್ಪ ಆಗಿದೆ,” ಎಂದಳು. “ನಿಮ್ಮಮ್ಮನದೂ ಹೀಗೇ ಇತ್ತು.”

ಕನ್ನಡಕದವನು ಬಾಗಿಲು ತೆರೆದು ಕರೆದ. ಗುಬ್ಬಿ ಮುಟ್ಟಿ ತಿಳಿಸಿದ ಮೇಲೆ ದೊಡ್ಡಮ್ಮ ಎದ್ದಳು. ಒಳಗೆ ಹೋಗಿ ಕೂತಳು, ಹೆಡ್‌ಫೋನ್ ತಾನೇ ಸಿಕ್ಕಿಸಿಕೊಂಡಳು, ಗಾಜಿನ ಆಚೆಯಿಂದ ಗುಬ್ಬಿಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿದಳು. ಕನ್ನಡಕದವನ ಭುಜ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಗುಂಡಿಯನ್ನು ಅವನು ಕೊನೆಯವರೆಗೂ ತಿರುಗಿಸಿದ. ದೊಡ್ಡಮ್ಮನ ಬೆರಳು ಮಡಿಲಲ್ಲೇ ಇತ್ತು.